ಘಾಟಿ ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಯಿತೇ? ತಣ್ಣಗಾದರೆ ಸರಿಹೋಯಿತು ಅಂತ ಬಿಡಬೇಡಿ

ಸಿಯಾಟಲ್: ಬೇಸಿಗೆ ಬಂತೆಂದರೆ ಇಲ್ಲಿನ ಬೆಲ್‌ವ್ಯೂ, ರೆಡ್ಮಂಡ್ ಕಡೆಯ ಕನ್ನಡ ಕುಟುಂಬಗಳು ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮೌಂಟ್ ರೇನಿಯರ್ ನೋಡಲು ಹೊರಡುತ್ತವೆ. ಅಲ್ಲಿನ ಪ್ಯಾರಡೈಸ್ ಸುಮಾರು 5,400 ಅಡಿ, ಸನ್‌ರೈಸ್ 6,400 ಅಡಿ ಎತ್ತರ. ಹತ್ತುವಾಗ ಎಂಜಿನ್‌ಗೆ ಕೆಲಸ, ಇಳಿಯುವಾಗ ಬ್ರೇಕಿಗೆ. ತುಂಬಿದ ಗಾಡಿ, ಸಾಲು ಸಾಲು ತಿರುವು, ಕಾಲು ಬ್ರೇಕ್ ಬಿಟ್ಟು ಏಳುವುದೇ ಇಲ್ಲ. ಕೆಳಗೆ ಬರುವಷ್ಟರಲ್ಲಿ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಚಾರ್ಮಾಡಿ, ಆಗುಂಬೆ ಇಳಿಯುವವರಿಗೂ, ರಜೆಯಲ್ಲಿ ರಾಸ್ ಅಲ್ ಖೈಮಾದ ಜಬಲ್ ಜೈಸ್ ಹತ್ತುವ ನಮ್ಮ ಗಲ್ಫ್ ಮಂದಿಗೂ ಇದೇ ಮಾತು.

ಕಾರಣ ಬಹುತೇಕ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹಿಡಿದದ್ದಕ್ಕೆ ಈ ಮಿತಿ ಬರೀ 140. ಡಾಟ್ 4ಕ್ಕೆ 230 ಮತ್ತು 155. ಬಿಸಿಗೆ ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತವೆ. ದ್ರವ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀವು ತುಳಿದ ಬಲವೆಲ್ಲ ಅದಕ್ಕೇ ಹೋಯಿತು.

ಮೋಸ ಇರುವುದು ಇಲ್ಲೇ. ಅರ್ಧ ಗಂಟೆ ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ಪೆಡಲ್ ಮತ್ತೆ ಗಟ್ಟಿ! ಆದರೆ ತೇವದ ಆಯಿಲ್ ಒಳಗೇ ಇದೆ. ಮುಂದಿನ ಇಳಿಜಾರಿನಲ್ಲಿ ಮತ್ತೆ ಕುದಿಯುತ್ತದೆ. ಪೂರ್ತಿ ಬದಲಾಯಿಸಿ, ಗಾಳಿ ತೆಗೆಸಲೇಬೇಕು. ಯಾವ ಡಾಟ್ ಎಂದು ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 5 ಸಿಲಿಕೋನ್, ಅದನ್ನು ಬೆರೆಸಲೇಬಾರದು.

ತಣ್ಣಗಾದರೂ ಮೆತ್ತಗೇ ಇದ್ದರೆ, ಮೊದಲು ಆಯಿಲ್ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರಿಕೆ. ಚಕ್ರಗಳ ಒಳಬದಿ ಒದ್ದೆಯಿದೆಯೇ ನೋಡಿ. ತುಳಿದು ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ. ಅಂಥ ಗಾಡಿಯನ್ನು ಓಡಿಸಬೇಡಿ, ಟೋ ಮಾಡಿಸಿ. ದುಡ್ಡು ಹೋದರೆ ಹೋಗಲಿ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ, ಪ್ಯಾಡ್ ಕಾದು ಹಿಡಿತ ಬಿಟ್ಟಿರಬಹುದು.

ಇಳಿಜಾರಿನ ನಡುವೆಯೇ ಪೆಡಲ್ ಕೆಳಗೆ ಹೋಯಿತೇ? ಬೇಗ ಬೇಗ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ಬದಿಗೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು.

ಅಮೆರಿಕದಲ್ಲಿ ಹೆಚ್ಚಿನವು ಆಟೋಮ್ಯಾಟಿಕ್. ‘ಡಿ’ಯಲ್ಲೇ ಇಳಿಯುವುದು ಅಲ್ಲಿನವರ ಅಭ್ಯಾಸ. ಇಳಿಜಾರು ಶುರುವಾಗುವ ಮೊದಲೇ ‘ಎಲ್’ ಅಥವಾ ‘2’ಕ್ಕೆ, ಪ್ರಿಯಸ್ ತರಹದ ಹೈಬ್ರಿಡ್ ಆದರೆ ‘ಬಿ’ಗೆ ಹಾಕಿ.