ಬೆಂಕಿ ನಂದಿಸುವ ಸಿಲಿಂಡರ್‌ಗೆ ಪ್ರತಿ ವರ್ಷ ರೀಫಿಲ್ ಕಡ್ಡಾಯವೇ? ಅಂಗಡಿ, ಕಾಂಪ್ಲೆಕ್ಸ್‌ಗಳಿಗೆ ತಗಲುವ ನಿಜವಾದ ಖರ್ಚೆಷ್ಟು?

"ನಿಮ್ಮ ಅಂಗಡಿಯ ಫೈರ್ ಸಿಲಿಂಡರ್ ಒಂದು ವರ್ಷಕ್ಕೆ ಎಕ್ಸ್‌ಪೈರ್ ಆಗುತ್ತದೆ. ಕೂಡಲೇ ರೀಫಿಲ್ ಮಾಡಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ." ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಆಗಾಗ ಬರುತ್ತವೆ. ಇದಕ್ಕೆ ತದ್ವಿರುದ್ಧವಾದದ್ದೂ ಬರುತ್ತದೆ: "ಗೇಜಿನ ಮುಳ್ಳು ಹಸಿರಿನಲ್ಲಿದ್ದರೆ ಏನೂ ಮಾಡಿಸಬೇಕಿಲ್ಲ, ಎಲ್ಲಾ ದುಡ್ಡು ಹೊಡೆಯುವ ಧಂದೆ."

ಎರಡೂ ಅರ್ಧ ಸತ್ಯ. ಮೊದಲನೆಯದನ್ನು ನಂಬಿದವರು ಬೇಡದ ಕೆಲಸಕ್ಕೆ ಹಣ ಕೊಡುತ್ತಾರೆ. ಎರಡನೆಯದನ್ನು ನಂಬಿದವರ ಗೋಡೆಯ ಮೇಲೆ ಕೆಂಪು ಬಣ್ಣದ ಖಾಲಿ ಡಬ್ಬ ನೇತಾಡುತ್ತಿರಬಹುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅಂಗಡಿ, ಸೌಹಾರ್ದ ಸಹಕಾರಿ, ಆಸ್ಪತ್ರೆ ಮತ್ತು ಕಾಂಪ್ಲೆಕ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿ ನೋಡೋಣ. ಈ ಭಾಗಕ್ಕೆ ಸರ್ವೀಸ್ ಏಜೆನ್ಸಿಯವರು ಬೆಳಗಾವಿಯಿಂದ ಬರುತ್ತಾರೆ, ಗಡಿ ದಾಟಿ ಕೊಲ್ಹಾಪುರ, ಸಾಂಗಲಿ, ಮಿರಜ್‌ಗಳಿಂದಲೂ ಬರಬಹುದು. ಹಾಗಾಗಿ ಇಲ್ಲಿನ ಗೊಂದಲ ಬೇರೆ ಕಡೆಗಿಂತ ಸ್ವಲ್ಪ ಹೆಚ್ಚು.

ನಿಯಮ ಏನು ಹೇಳುತ್ತದೆ?

ಸಿಲಿಂಡರ್ ತಯಾರಿಕೆಗೆ ಇರುವ ಭಾರತೀಯ ಮಾನಕ ಐಎಸ್ 15683. ಅದನ್ನು ಎಲ್ಲಿ ಇಡಬೇಕು, ಹೇಗೆ ನಿರ್ವಹಿಸಬೇಕು ಎನ್ನುವುದಕ್ಕೆ ಇರುವುದು ಐಎಸ್ 2190. ಇದರ ಪ್ರಕಾರ "ಸರ್ವೀಸ್" ಎಂದರೆ ಒಂದೇ ಕೆಲಸವಲ್ಲ. ತಿಂಗಳಿಗೊಮ್ಮೆ ಅಂಗಡಿಯವರೇ ಕಣ್ಣಾಡಿಸುವುದು ಒಂದು. ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಇನ್ನೊಂದು. ಪೌಡರ್, ನೀರು, ನೊರೆ ಸಿಲಿಂಡರ್‌ಗಳಿಗೆ 3 ವರ್ಷಕ್ಕೊಮ್ಮೆ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ 5 ವರ್ಷಕ್ಕೊಮ್ಮೆ ಒಳಗೆ ನೀರು ತುಂಬಿ ಒತ್ತಡ ಹಾಕಿ ಪರೀಕ್ಷಿಸುವುದು ಮತ್ತೊಂದು. ಇದನ್ನು ಹೈಡ್ರೋ ಟೆಸ್ಟ್ ಎನ್ನುತ್ತಾರೆ. ಕೊನೆಗೆ ಸಿಲಿಂಡರ್‌ನ ಒಟ್ಟು ಆಯಸ್ಸು: ಪೌಡರ್‌ನದ್ದು 10 ವರ್ಷ, ಕಾರ್ಬನ್ ಡೈಆಕ್ಸೈಡ್‌ನದ್ದು 15 ವರ್ಷ.

ರೀಫಿಲ್ ಯಾವಾಗ? ಬಳಸಿದಾಗ, ಒತ್ತಡ ಅಥವಾ ತೂಕ ಇಳಿದಾಗ, ಪೌಡರ್ ಗಟ್ಟಿಯಾದಾಗ. ಹೈಡ್ರೋ ಟೆಸ್ಟ್‌ಗೆ ಹೇಗೂ ಖಾಲಿ ಮಾಡಲೇಬೇಕು, ಆದ್ದರಿಂದ ಆಗಲೂ ತುಂಬಿಸಬೇಕು. ಅಂದರೆ ವರ್ಷಕ್ಕೊಮ್ಮೆ ಬೇಕೇಬೇಕಾದದ್ದು ತಪಾಸಣೆ. ಚೀಟಿಯ ಮೇಲೆ "ಮುಂದಿನ ದಿನಾಂಕ" ಎಂದು ಬರೆದಿರುವುದು ಅನೇಕ ಸಲ ಮುಂದಿನ ತಪಾಸಣೆಯ ದಿನಾಂಕವೇ ಹೊರತು ಒಳಗಿನ ಪೌಡರ್ ಕೆಡುವ ದಿನಾಂಕವಲ್ಲ.

ಇನ್ನೊಂದು ಮಾತು. ಸ್ವಲ್ಪವೇ ಬಳಸಿದ್ದೇವೆ, ಇನ್ನೂ ಮುಕ್ಕಾಲು ಉಳಿದಿದೆ ಎಂದು ಮತ್ತೆ ನೇತುಹಾಕುವಂತಿಲ್ಲ. ಒಮ್ಮೆ ಒತ್ತಿದರೆ ಪೌಡರ್ ಕಣಗಳು ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ನಂತರ ಗಾಳಿ ಮೆಲ್ಲಗೆ ಸೋರಿ, ಮುಂದಿನ ಸಲ ಒತ್ತಿದಾಗ ಏನೂ ಬಾರದೇ ಹೋಗಬಹುದು.

ಲೆಕ್ಕ ಹಾಕಿ ನೋಡೋಣ

ದರ ಊರಿಂದ ಊರಿಗೆ, ಏಜೆನ್ಸಿಯಿಂದ ಏಜೆನ್ಸಿಗೆ ಬದಲಾಗುತ್ತದೆ. ಆದ್ದರಿಂದ ಕೆಳಗಿನ ದರಗಳನ್ನು ಉದಾಹರಣೆ ಎಂದಷ್ಟೇ ತಿಳಿಯಿರಿ. ನಿಮಗೆ ಬಂದ ಕೊಟೇಶನ್ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ.

ಎರಡು ಮಹಡಿ, 12 ಮಳಿಗೆಗಳಿರುವ ಒಂದು ಕಾಂಪ್ಲೆಕ್ಸ್ ಇದೆ ಎಂದುಕೊಳ್ಳಿ. 6 ಕೆ.ಜಿ.ಯ 8 ಎಬಿಸಿ ಪೌಡರ್ ಸಿಲಿಂಡರ್, 4.5 ಕೆ.ಜಿ.ಯ 2 ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇವೆ. ವಾರ್ಷಿಕ ತಪಾಸಣೆಗೆ ಒಂದಕ್ಕೆ 150 ರೂ. ಎಂದರೆ ಹತ್ತಕ್ಕೆ 1,500 ರೂ. ಪೌಡರ್ ರೀಫಿಲ್‌ಗೆ 700, ಹೈಡ್ರೋ ಟೆಸ್ಟ್‌ಗೆ 200 ಎಂದರೆ 8 ಸಿಲಿಂಡರ್‌ಗೆ 7,200 ರೂ. ಇದು 3 ವರ್ಷಕ್ಕೊಮ್ಮೆ ಬರುವ ಖರ್ಚು, ವರ್ಷಕ್ಕೆ ಹಂಚಿದರೆ 2,400. ಕಾರ್ಬನ್ ಡೈಆಕ್ಸೈಡ್‌ಗೆ ರೀಫಿಲ್ 900, ಟೆಸ್ಟ್ 600 ಎಂದರೆ ಎರಡಕ್ಕೆ 3,000. ಇದು 5 ವರ್ಷಕ್ಕೊಮ್ಮೆ, ಅಂದರೆ ವರ್ಷಕ್ಕೆ 600. ಎಲ್ಲ ಸೇರಿ 4,500 ರೂ., ಮೇಲೆ 18% ಜಿಎಸ್‌ಟಿ 810. ಒಟ್ಟು ವರ್ಷಕ್ಕೆ 5,310 ರೂ.

ಅದೇ ಏಜೆನ್ಸಿ ಪ್ರತಿ ವರ್ಷ ಹತ್ತನ್ನೂ ರೀಫಿಲ್ ಮಾಡಿದರೆ? 5,600ಕ್ಕೆ 1,800 ಸೇರಿ 7,400, ಜಿಎಸ್‌ಟಿ ಸೇರಿ 8,732 ರೂ. ಇಷ್ಟು ಕೊಟ್ಟ ಮೇಲೂ ಹೈಡ್ರೋ ಟೆಸ್ಟ್ ಆಗಿರುವುದಿಲ್ಲ!

ಇನ್ನು ಆಯಸ್ಸು ಮುಗಿದಾಗ ಹೊಸದು ಕೊಳ್ಳುವ ಹಣ. ಪೌಡರ್‌ನದ್ದು 2,200, ಕಾರ್ಬನ್ ಡೈಆಕ್ಸೈಡ್‌ನದ್ದು 6,000 ಎಂದು ಹಿಡಿದು 10 ಮತ್ತು 15 ವರ್ಷಕ್ಕೆ ಹಂಚಿದರೆ, ತೆರಿಗೆ ಸೇರಿ ವರ್ಷಕ್ಕೆ ಸುಮಾರು 3,020 ರೂ. ಸರ್ವೀಸ್ ಖರ್ಚಿನ ಜೊತೆ ಕೂಡಿಸಿದರೆ 8,330 ರೂ. ಆಸುಪಾಸು. 12 ಮಳಿಗೆಗಳಿಗೆ ಹಂಚಿದರೆ ತಿಂಗಳಿಗೆ ಒಂದೊಂದಕ್ಕೆ 58 ರೂ.

ಅಷ್ಟು ಹಣಕ್ಕೆ ಸಿಗುವುದೇನು? 6 ಕೆ.ಜಿ. ಸಿಲಿಂಡರ್ ಪೂರ್ತಿ ಒತ್ತಿ ಹಿಡಿದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಅಗ್ನಿಶಾಮಕ ವಾಹನ ಬರುವ ಮೊದಲು ನಮ್ಮ ಕೈಯಲ್ಲಿರುವುದು ಆ ಹತ್ತಿಪ್ಪತ್ತು ಸೆಕೆಂಡು. ಆಗ ಬರಿಗಾಳಿ ಬಂದರೆ, ಅಷ್ಟು ವರ್ಷ ಕೊಟ್ಟ 58 ರೂಪಾಯಿಗಳಿಗೂ ಅರ್ಥವಿಲ್ಲ.

ಸ್ಟಿಕರ್ ಸರ್ವೀಸ್

ತುಂಬಾ ಅಗ್ಗದ ಕೊಟೇಶನ್ ಬಂದಾಗ ಅನುಮಾನಪಡಬೇಕಾದದ್ದು ಇಲ್ಲಿ. ಬಟ್ಟೆಯಲ್ಲಿ ಒರೆಸಿ, ಹೊಸ ಚೀಟಿ ಅಂಟಿಸಿ, ಬಿಲ್ ಕೊಟ್ಟು ಹೋದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೇಜ್ ತೋರಿಸುವುದು ಒತ್ತಡ ಮಾತ್ರ. ಒಳಗೆ 6 ಕೆ.ಜಿ. ಇದೆಯೋ 4 ಕೆ.ಜಿ. ಇದೆಯೋ ಎಂಬುದು ಅದಕ್ಕೆ ತಿಳಿಯದು.

ಇದಕ್ಕೆ ನಮ್ಮ ಕಡೆಯ ವ್ಯಾಪಾರಿಗಳ ಹತ್ತಿರ ಒಳ್ಳೆಯ ಸಾಧನವಿದೆ: ತೂಕದ ಯಂತ್ರ. ತುಂಬಿದ ಸಿಲಿಂಡರ್‌ನ ಒಟ್ಟು ತೂಕ ಲೇಬಲ್ ಮೇಲೆ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನ ಖಾಲಿ ತೂಕವನ್ನು ಲೋಹದ ಮೇಲೆಯೇ ಕೊರೆದಿರುತ್ತಾರೆ. ಖಾಲಿ ತೂಕ 11.2 ಕೆ.ಜಿ. ಎಂದಿದ್ದರೆ, 4.5 ಕೆ.ಜಿ. ಅನಿಲ ಸೇರಿ 15.7 ಇರಬೇಕು. ಅನಿಲದ ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ, ಅಂದರೆ 15.25ಕ್ಕಿಂತ ಕೆಳಗಿದ್ದರೆ, ರೀಫಿಲ್ ಬೇಕು. ಹೋಸ್ ಸೇರಿಸಿ ತೂಗಬೇಕೋ ಬಿಚ್ಚಿ ತೂಗಬೇಕೋ ಎಂಬುದನ್ನು ಮಾತ್ರ ಲೇಬಲ್ ನೋಡಿ ಖಚಿತಪಡಿಸಿಕೊಳ್ಳಿ.

ಹಾಗೆಯೇ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಸಾಮಾನ್ಯವಾಗಿ ಗೇಜ್ ಇರುವುದೇ ಇಲ್ಲ. "ಗೇಜ್ ಇಲ್ಲ, ಇದು ಡೂಪ್ಲಿಕೇಟ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಅನಿಲ ದ್ರವರೂಪದಲ್ಲಿರುವುದರಿಂದ ಒತ್ತಡ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ತೂಕವೇ ಅದರ ಗೇಜ್.

ತೂಕದಿಂದ ಗೊತ್ತಾಗದ ಮೋಸ ಒಂದಿದೆ: ಪೌಡರ್‌ನ ಗುಣಮಟ್ಟ. ಎಬಿಸಿ ಪೌಡರ್‌ನ ಮುಖ್ಯ ವಸ್ತು ಮೋನೋ ಅಮೋನಿಯಂ ಫಾಸ್ಫೇಟ್. ಮಾರುಕಟ್ಟೆಯಲ್ಲಿ ಎಂಎಪಿ 50, ಎಂಎಪಿ 90 ಎಂದು ಹೇಳುವುದು ಅದರ ಶೇಕಡಾವಾರು ಪ್ರಮಾಣವನ್ನು. ಪ್ರಮಾಣ ಹೆಚ್ಚಿದಷ್ಟೂ ದರ ಹೆಚ್ಚು. ಇದರ ಬದಲು ಅಗ್ಗದ ಬಿಸಿ ಪೌಡರ್ ತುಂಬಿದರೆ, ಅಂದರೆ ನಮ್ಮ ಅಡುಗೆ ಸೋಡಾದ ಜಾತಿಯದ್ದು, ಎಣ್ಣೆ, ಪೆಟ್ರೋಲ್, ಗ್ಯಾಸ್ ಬೆಂಕಿಗೆ ಆದೀತು. ಬಟ್ಟೆ, ಕಾಗದ, ಕಟ್ಟಿಗೆಯ ಕೆಂಡಕ್ಕೆ ಸಾಲದು. ಬಿಲ್‌ನಲ್ಲಿ ಬರೀ "ರೀಫಿಲ್" ಎಂದು ಬರೆದರೆ ಒಪ್ಪಬೇಡಿ. ಪೌಡರ್‌ನ ಹೆಸರು, ಎಂಎಪಿ ಪ್ರಮಾಣ, ಐಎಸ್ 14609 ಎಂಬ ಮಾನಕದ ಉಲ್ಲೇಖ, ತುಂಬಿದ ತೂಕ, ಸಿಲಿಂಡರ್ ನಂಬರ್ ಬರೆಸಿಕೊಳ್ಳಿ. ಎರಡು ಕೊಟೇಶನ್‌ಗಳಲ್ಲಿ ಒಂದು ಅರ್ಧ ದರದ್ದಾಗಿದ್ದರೆ ಕಾರಣ ಹೆಚ್ಚಾಗಿ ಈ ಸಾಲಿನಲ್ಲೇ ಸಿಗುತ್ತದೆ.

ಗಡಿಯ ಗೊಂದಲ: ಫಾರ್ಮ್ ಬಿ ಬೇಕೇ?

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಕಾಯ್ದೆ ಇದೆ. ಅದರ ಪ್ರಕಾರ ಲೈಸೆನ್ಸ್ ಪಡೆದ ಏಜೆನ್ಸಿಯಿಂದ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, "ಫಾರ್ಮ್ ಬಿ" ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ಕೊಲ್ಹಾಪುರದ ಕಟ್ಟಡಕ್ಕೆ ಇದು ಅನ್ವಯ. ನಿಪ್ಪಾಣಿ ಅಥವಾ ಕಾಗವಾಡದ ಕಟ್ಟಡಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಲ್ಲಿರುವುದು 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ. ಆಚೆಯ ಏಜೆನ್ಸಿಯಿಂದ ಸರ್ವೀಸ್ ಮಾಡಿಸಬಾರದು ಎಂದೇನಿಲ್ಲ, ಧಾರಾಳವಾಗಿ ಮಾಡಿಸಿ. ಆದರೆ ಫಾರ್ಮ್ ಬಿ ಹೆಸರಲ್ಲಿ ಬೇರೆ ಶುಲ್ಕ ಕೇಳಿದರೆ ಅದು ಇಲ್ಲಿ ಬೇಡದ ಖರ್ಚು.

ತೆರಿಗೆಯದ್ದೂ ಹಾಗೆಯೇ. ಆಚೆ ರಾಜ್ಯದ ಬಿಲ್‌ನಲ್ಲಿ ಐಜಿಎಸ್‌ಟಿ 18% ಎಂದಿರುತ್ತದೆ, ಬೆಳಗಾವಿಯ ಬಿಲ್‌ನಲ್ಲಿ 9 ಮತ್ತು 9 ಎಂದಿರುತ್ತದೆ. ಒಟ್ಟು ಒಂದೇ. 2017ರ ನವೆಂಬರ್‌ಗೆ ಮುಂಚೆ ಬೆಂಕಿ ನಂದಿಸುವ ಸಿಲಿಂಡರ್‌ಗೆ 28% ತೆರಿಗೆ ಇತ್ತು. ಈಗಲೂ ಯಾರಾದರೂ 28% ಎಂದರೆ ಅದು ಹಳೆಯ ಲೆಕ್ಕ.

ಶಾಲೆ ನಡೆಸುವವರಿಗೆ ಮಾತ್ರ ಒಂದು ಎಚ್ಚರಿಕೆ. 2004ರ ಕುಂಭಕೋಣಂ ಶಾಲಾ ದುರಂತದಲ್ಲಿ 94 ಮಕ್ಕಳು ಸತ್ತರು. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಶಾಲೆಗಳಲ್ಲೂ ಬೆಂಕಿ ನಂದಿಸುವ ಉಪಕರಣ ಇರಬೇಕು ಎಂದು ಆದೇಶಿಸಿದೆ. ಖಾಸಗಿ ಶಾಲೆ, ಚಿಕ್ಕ ಶಾಲೆ ಎಂಬ ವಿನಾಯಿತಿ ಅದರಲ್ಲಿಲ್ಲ.

ನೆರೆಯಲ್ಲಿ ಮುಳುಗಿದ ಸಿಲಿಂಡರ್

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದ್ದು ಈ ಐದೂ ತಾಲೂಕಿನವರಿಗೆ ನೆನಪಿದೆ. ನೀರಿನಲ್ಲಿ ಮುಳುಗಿದ ಸಿಲಿಂಡರನ್ನು ತೊಳೆದು, ಬಣ್ಣ ಬಳಿದು ಮತ್ತೆ ನೇತುಹಾಕಿದ್ದರೆ ಒಮ್ಮೆ ಕೆಳಗಿಳಿಸಿ ಅದರ ತಳ ನೋಡಿ. ತುಕ್ಕು ಹೆಚ್ಚಾಗಿ ತಳದ ಅಂಚಿನಿಂದ ಶುರುವಾಗುತ್ತದೆ, ಮೇಲಿನ ಹೊಸ ಬಣ್ಣ ಅದನ್ನು ಮುಚ್ಚಿಡುತ್ತದೆ.

ತುಕ್ಕಿಗೆ ಇಷ್ಟೇಕೆ ಹೆದರಬೇಕು? ಪೌಡರ್ ಸಿಲಿಂಡರ್ ಒಳಗೆ ಸುಮಾರು 15 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂಕಾಲು ಬಾರ್ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ 20 ಡಿಗ್ರಿ ಉಷ್ಣಾಂಶದಲ್ಲೇ 57 ಬಾರ್, ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಹೆಚ್ಚು. ತುಕ್ಕು ಹಿಡಿದ ಡಬ್ಬಕ್ಕೆ ಮತ್ತೆ ಒತ್ತಡ ತುಂಬಿದರೆ ಸಿಡಿಯಬಹುದು. ಹೈಡ್ರೋ ಟೆಸ್ಟ್‌ಗೆ ಕೊಡುವ 200 ರೂಪಾಯಿ ಇದಕ್ಕೆ. ಅದನ್ನು ಉಳಿಸಲು ಹೋಗಬೇಡಿ. ಮುಳುಗಿದ ಸಿಲಿಂಡರ್ ಆಗಲೇ ಏಳೆಂಟು ವರ್ಷದ್ದಾಗಿದ್ದರೆ ಟೆಸ್ಟ್‌ಗಿಂತ ಹೊಸದೇ ಲಾಭ.

ಎಲ್ಲಿ ಯಾವುದು?

ತಪ್ಪು ಸಿಲಿಂಡರ್‌ಗೆ ಮಾಡಿಸುವ ಸರ್ವೀಸ್ ದಂಡದ ಖರ್ಚು. ಅಥಣಿಯ ಚಪ್ಪಲಿ ಅಂಗಡಿಯಲ್ಲಿ ಚರ್ಮದ ಜೊತೆ ಅಂಟಿಸುವ ಸೊಲ್ಯೂಷನ್ ಇರುತ್ತದೆ, ಅದು ಬೇಗ ಹತ್ತಿಕೊಳ್ಳುವ ದ್ರವ. ಅಲ್ಲಿಗೆ ಎಬಿಸಿ ಪೌಡರ್ ಸರಿ. ಸಹಕಾರಿ ಸಂಘದ ಸರ್ವರ್, ಯುಪಿಎಸ್ ಕೋಣೆಗೆ ಕಾರ್ಬನ್ ಡೈಆಕ್ಸೈಡ್, ಏಕೆಂದರೆ ಪೌಡರ್ ಬೆಂಕಿ ಆರಿಸಿದರೂ ಯಂತ್ರ ಹಾಳುಮಾಡುತ್ತದೆ. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಬೆಂಕಿ ಚೀಲಗಳ ಒಳಗೇ ಕೆಂಡವಾಗಿ ಹೊಗೆಯಾಡುತ್ತದೆ. ಅದಕ್ಕೆ ಪೌಡರ್ ಜೊತೆ ನೀರಿನ ವ್ಯವಸ್ಥೆಯೂ ಬೇಕು. ಖಾನಾವಳಿಯ ಕರಿಯುವ ಬಾಣಲೆಗೆ ವೆಟ್ ಕೆಮಿಕಲ್ ಎಂಬ ಬೇರೆ ಬಗೆಯಿದೆ. ದುಬಾರಿ, ಆದರೆ ಅಡುಗೆಮನೆಗೆ ಒಂದೇ ಸಾಕು. ಕಾದ ಎಣ್ಣೆಗೆ ನೀರು ಮಾತ್ರ ಎಂದಿಗೂ ಬೇಡ.

ಫೋಟೋ ಫಾರ್ವರ್ಡ್ ಮಾಡುವ ಮುನ್ನ

2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿಯ ವೈದ್ಯಕೀಯ ಕಾಲೇಜಿನ ನವಜಾತ ಶಿಶು ಘಟಕಕ್ಕೆ ಬೆಂಕಿ ಬಿದ್ದು 10 ಶಿಶುಗಳು ಸತ್ತವು. ಬೆನ್ನಲ್ಲೇ ಅವಧಿ ಮುಗಿದ ಸಿಲಿಂಡರ್‌ಗಳ ಫೋಟೋಗಳು ದೇಶವೆಲ್ಲ ಹರಿದಾಡಿದವು. ಉಪಕರಣಗಳು ಸರಿಯಾಗಿದ್ದವು ಎಂದು ಕಾಲೇಜಿನವರು ಹೇಳಿದರು. ಅಲ್ಲಿ ಯಾವುದು ನಿಜ ಎಂದು ಒಂದು ಫೋಟೋದಿಂದ ತೀರ್ಮಾನಿಸಲಾಗದು. ಚೀಟಿಯ ದಿನಾಂಕ ಹಳೆಯದಾಗಿದ್ದರೆ ತಪಾಸಣೆ ತಪ್ಪಿದೆ ಎಂದಾದೀತು, ಸಿಲಿಂಡರ್ ಖಾಲಿ ಎಂದಲ್ಲ. ಚೀಟಿ ಹೊಸದಾಗಿದ್ದರೆ ಒಳಗೆ ಪೌಡರ್ ಇದೆ ಎಂದೂ ಅಲ್ಲ.

ಮುಂದಿನ ಸಲ ರೀಫಿಲ್ ಮಾಡಿಸುವಾಗ ಏಜೆನ್ಸಿಯವರಿಗೆ ಒಂದು ಷರತ್ತು ಹಾಕಿ: ಹಳೆಯ ಪೌಡರನ್ನು ಅವರು ಒಯ್ದು ಖಾಲಿ ಮಾಡುವ ಬದಲು, ಕಟ್ಟಡದ ಹಿಂದಿನ ಬಯಲಿನಲ್ಲಿ ನಿಮ್ಮ ಕೆಲಸಗಾರರ ಕೈಯಲ್ಲೇ ಹೊಡೆಸಲಿ. ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿ ಹಿಡಿಯುವುದು, ಹಿಡಿ ಒತ್ತಿ ಎಡಬಲ ಆಡಿಸುವುದು, ಇಷ್ಟನ್ನು ಒಮ್ಮೆ ಮಾಡಿದವರಿಗೆ ಗಾಬರಿಯಲ್ಲೂ ಕೈ ಓಡುತ್ತದೆ. ಇದಕ್ಕೆ ಬೇರೆ ಖರ್ಚಿಲ್ಲ, ಜೊತೆಗೆ ಒಳಗೆ ನಿಜಕ್ಕೂ ಏನಿತ್ತು ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಬೆಂಕಿ ಆಳೆತ್ತರಕ್ಕೆ ಏರಿದ್ದರೆ ಸಿಲಿಂಡರ್ ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಕರೆ ಮಾಡಿ.

ಆಯಸ್ಸು ಮುಗಿದ ಸಿಲಿಂಡರನ್ನು ಹಾಗೆಯೇ ಗುಜರಿಗೆ ಹಾಕಬೇಡಿ. ಒತ್ತಡವಿರುವ ಡಬ್ಬವನ್ನು ಗುಜರಿಯವರು ಕಟರ್‌ನಿಂದ ಕೊಯ್ದರೆ ಪ್ರಾಣಕ್ಕೇ ಅಪಾಯ. ಏಜೆನ್ಸಿಯಿಂದ ಖಾಲಿ ಮಾಡಿಸಿ, ವಾಲ್ವ್ ಬಿಚ್ಚಿಸಿ, ಮತ್ತೆ ಯಾರೂ ತುಂಬಲಾಗದಂತೆ ಮೈಗೆ ತೂತು ಹಾಕಿಸಿ ಕೊಡಿ.