ಲಂಡನ್ನಿಗೆ ಹೋದ ಬರಿಗಾಲು

ಯಮನೂರಿನ ಜಾತ್ರೆಗೆ ಬರಿಗಾಲಲ್ಲಿ ನಡೆದು ಹೋಗುವವರನ್ನು ಕಂಡು ನವಲಗುಂದ ಸೀಮೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೆಣ್ಣೆಹಳ್ಳದಲ್ಲಿ ಮಿಂದು, ಕೆಲವರು ಚಾಂಗದೇವನೆಂದೂ ಕೆಲವರು ರಾಜಾಬಾಗಸವಾರನೆಂದೂ ಕರೆಯುವ ದೈವಕ್ಕೆ ಕೈಮುಗಿಯುವ ಭಕ್ತರ ಕಾಲಲ್ಲಿ ಚಪ್ಪಲಿ ಇಲ್ಲದಿರುವುದು ಸುದ್ದಿಯೇ ಅಲ್ಲ. ಆದರೆ 1948ರ ಜುಲೈ 31ರಂದು ಲಂಡನ್ ಸಮೀಪದ ಇಲ್‌ಫರ್ಡ್‌ನಲ್ಲಿ ಭಾರತದ ಫುಟ್‌ಬಾಲ್ ಆಟಗಾರರು ಬರಿಗಾಲಲ್ಲಿ ಮೈದಾನಕ್ಕೆ ಇಳಿದಾಗ ಅದು ದೊಡ್ಡ ಸುದ್ದಿಯಾಯಿತು.

ಅದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮೊದಲ ಒಲಿಂಪಿಕ್ಸ್. ಯುದ್ಧದ ಕಾರಣ 1940 ಮತ್ತು 1944ರ ಕೂಟಗಳು ನಡೆದೇ ಇರಲಿಲ್ಲ. ಭಾರತ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ತಂಡದ ನಾಯಕ ಟಿ. ಆವ್, ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದ ನಾಗಾ ಯುವಕ. ಅವರೊಡನೆ ನಮ್ಮವರೂ ಇದ್ದರು. ಗೋಲ್‌ಕೀಪರ್ ವರದರಾಜ್, ವಜ್ರವೇಲು, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್ ಇವರೆಲ್ಲ ಬೆಂಗಳೂರಿನ ಮಣ್ಣಿನಲ್ಲಿ ಚೆಂಡು ಒದ್ದು ಬೆಳೆದವರು.

ಬೆಂಗಳೂರಿಗೆ ಈ ಆಟ ಅಷ್ಟು ಚೆನ್ನಾಗಿ ಒಲಿದದ್ದು ಹೇಗೆ? ಉತ್ತರ ದಂಡು ಪ್ರದೇಶದಲ್ಲಿದೆ. 1809ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯದ ಠಾಣ್ಯ ಹೂಡಿದರು. ಸೋಲ್ಜರುಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದ ಅಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಆಟ ಬಂತು, ಬೂಟು ಬರಲಿಲ್ಲ. ಚೆಂಡೊಂದಿದ್ದರೆ ಇಪ್ಪತ್ತು ಮಂದಿ ಆಡಬಹುದು. ಬೂಟಾದರೋ ಪ್ರತಿಯೊಬ್ಬನಿಗೂ ಬೇಕು, ಕೂಲಿಕಾರನ ಮನೆಗೆ ಅದು ದುಬಾರಿ. ಮೇಲಾಗಿ ಒಣಗಿದ ಗಟ್ಟಿ ನೆಲದಲ್ಲಿ ಬರಿಯ ಬೆರಳುಗಳು ಚೆಂಡನ್ನು ಹಿಡಿದಾಡಿಸುವಷ್ಟು ನಯವಾಗಿ ಬೂಟು ಆಡಿಸಲಾರದು.

ಈ ಕಾಲುಗಳ ಸಾಧನೆ ಸಣ್ಣದಲ್ಲ. ‘ಬೆಂಗಳೂರು ಮುಸ್ಲಿಮ್ಸ್’ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರಲ್ಲಿ ಅದನ್ನು ಮತ್ತೊಮ್ಮೆ ತಂದಿತು. ನಡುವೆ, ಯುದ್ಧ ಮುಗಿದ ಮರುವರ್ಷ 1946ರಲ್ಲಿ, ಮೈಸೂರು ತಂಡ ಬಲಾಢ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು.

ಇಲ್‌ಫರ್ಡ್‌ನಲ್ಲಿ ಭಾರತಕ್ಕೆ ಎದುರಾಳಿ ಫ್ರಾನ್ಸ್. ಮೊದಲ ಗೋಲು ಅವರದು. ಎಪ್ಪತ್ತನೆಯ ನಿಮಿಷದ ಹೊತ್ತಿಗೆ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೀಗೆ ಬೆಂಗಳೂರಿನವರ ಹೆಸರಿಗೆ ಸೇರಿತು. ಆದರೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆಟ ಮುಗಿಯಲಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತವರೂ ಪ್ರೇಕ್ಷಕರ ಮೆಚ್ಚುಗೆ ಗಳಿಸಿಯೇ ಬಂದರು.

ಆ ಮೆಚ್ಚುಗೆಯೇ ನಮ್ಮನ್ನು ಕೊಂಚ ಮೈಮರೆಸಿತೋ ಏನೋ! 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹಲವರು ಬರಿಗಾಲಲ್ಲೇ ಹೋದರು. ಅಲ್ಲಿನ ಚಳಿಯಲ್ಲಿ ಯುಗೋಸ್ಲಾವಿಯ 10-1ರಿಂದ ಭಾರತವನ್ನು ಮಣಿಸಿತು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ದೋಷ ಕಾಲಿನದು ಮಾತ್ರವಲ್ಲ. ಜಗತ್ತು 90 ನಿಮಿಷ ಆಡುತ್ತಿದ್ದಾಗ ನಮ್ಮ ದೇಶೀ ಪಂದ್ಯಗಳು 70 ನಿಮಿಷಕ್ಕೇ ಮುಗಿಯುತ್ತಿದ್ದವು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು.

ಬೂಟಿಲ್ಲದ್ದರಿಂದಲೇ 1950ರ ವಿಶ್ವಕಪ್ ತಪ್ಪಿತೆಂಬ ಕಥೆಯನ್ನು ಇಂದಿಗೂ ಕೇಳುತ್ತೇವೆ. ಅದು ಪೂರ್ಣ ಸತ್ಯವಲ್ಲ. ದೂರದ ಬ್ರೆಜಿಲ್‌ಗೆ ಹಡಗಿನಲ್ಲಿ ಹೋಗುವ ತಾಪತ್ರಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅಂದಿನ ಆಡಳಿತಗಾರರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು. ಬಡವನ ಬರಿಗಾಲಿನ ಮೇಲೆ ತಪ್ಪು ಹೊರಿಸುವುದು ಸುಲಭ. ಮೇಲೆ ಕುಳಿತವರ ತೀರ್ಮಾನವನ್ನು ಪ್ರಶ್ನಿಸುವುದು ಕಷ್ಟ.

ಆ ಆಟಗಾರರನ್ನು ನಾವು ಉಳಿಸಿಕೊಂಡೆವೇ ಎಂಬುದು ಇನ್ನೊಂದು ಪ್ರಶ್ನೆ. ಜನ, ಹಣ, ಹೆಸರು ಎಲ್ಲವೂ ಕಲ್ಕತ್ತೆಯಲ್ಲಿದ್ದವು. ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಧನರಾಜ್ ಕೂಡ ಅಲ್ಲೇ ಆಡಿದರು. ಅವರಿದ್ದ ಐವರ ಮುಂಪಡೆಯನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕೊಂಡಾಡಿದರು. 2017ರಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡಾಗ ಕಲ್ಕತ್ತೆಯ ಹಳೆಯ ಅಭಿಮಾನಿಗಳಿಗಿದ್ದಷ್ಟು ನೆನಪು ನಮ್ಮಲ್ಲಿ ಎಷ್ಟು ಜನರಿಗಿತ್ತು?

1946ರಲ್ಲಿ, 1952ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗ ಯಮನೂರು ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಗೆಲುವು ನೆರೆಯವರದು. 1956ರಲ್ಲಿ ಕನ್ನಡನಾಡು ಒಂದಾಯಿತು. 1967-68 ಮತ್ತು 1968-69ರಲ್ಲಿ ಮೈಸೂರು ಮತ್ತೆ ಗೆದ್ದಾಗ ಧಾರವಾಡ ಜಿಲ್ಲೆಯವರೂ ‘ನಾವು ಗೆದ್ದೆವು’ ಎನ್ನಬಹುದಾಗಿತ್ತು. ಅನಂತರ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮರಳಿ ತಂದಿತು. ಈ ಹುಡುಗರ ಕಾಲಲ್ಲಿ ಒಳ್ಳೆಯ ಬೂಟುಗಳಿದ್ದವು. ಅವರಿಗೆ ದಾರಿ ಮಾಡಿಕೊಟ್ಟ ಬರಿಗಾಲಿನವರ ಹೆಸರುಗಳನ್ನೂ ನಮ್ಮ ಶಾಲೆಯ ಮಕ್ಕಳಿಗೆ ಒಮ್ಮೆ ಹೇಳಿಕೊಡುವುದು ಒಳ್ಳೆಯದು.