ಜಪಾನಿನ ವಯಸ್ಕರ ದಿನದ ಮೂಲ: ಅರಮನೆಯೋ, ಹಳ್ಳಿಯೋ?

ಜನವರಿಯ ಎರಡನೇ ಸೋಮವಾರ ಜಪಾನಿನ ಊರೂರಿನ ಸಭಾಭವನಗಳಲ್ಲಿ ಇಪ್ಪತ್ತರ ಹರೆಯದವರು ನೆರೆಯುವ ‘ಸೇಜಿನ್ ನೋ ಹಿ’ಯನ್ನು ಪ್ರಾಚೀನ ಗೆಂಪುಕು ವಿಧಿಯ ಮುಂದುವರಿಕೆ ಎನ್ನುವುದು ವಾಡಿಕೆ. ನಾರಾ ಕಾಲದಲ್ಲಿ ಚೀನೀ ಆಸ್ಥಾನದ ಮಾದರಿಯಲ್ಲಿ ನೆಲೆಗೊಂಡ ಗೆಂಪುಕುವಿನಲ್ಲಿ ಹುಡುಗನ ಕೂದಲನ್ನು ಎತ್ತಿ ಕಟ್ಟಿ, ತಲೆಗೆ ಟೋಪಿ ತೊಡಿಸಿ, ಬಾಲ್ಯದ ಹೆಸರು ಬಿಡಿಸಿ ಹೊಸ ಹೆಸರಿಡುತ್ತಿದ್ದರು. ಸಮುರಾಯಿಗಳಲ್ಲಿ ಟೋಪಿ ತೊಡಿಸಿದ ಹಿರಿಯನು ಹುಡುಗನಿಗೆ ಎರಡನೆಯ ತಂದೆಯಂತಾಗಿ, ತನ್ನ ಹೆಸರಿನ ಒಂದು ಅಕ್ಷರವನ್ನೇ ಅವನಿಗೆ ಕೊಡುವುದುಂಟು. ಇದಕ್ಕೆ ಇಂಥದೇ ವಯಸ್ಸೆಂಬ ಕಟ್ಟುಪಾಡು ಇರಲಿಲ್ಲ. ಮನೆತನದ ಅಗತ್ಯವೇ ಮುಹೂರ್ತವನ್ನು ಗೊತ್ತುಮಾಡುತ್ತಿತ್ತು. ಒಬ್ಬೊಬ್ಬನಿಗೇ ಮನೆಯವರು ನಡೆಸುತ್ತಿದ್ದ ಈ ವಿಧಿಗೂ ಓರಗೆಯವರೆಲ್ಲ ಒಟ್ಟಿಗೆ ಸೇರುವ ಇಂದಿನ ಸಮಾರಂಭಕ್ಕೂ ಹೋಲಿಕೆ ತೀರ ಕಡಿಮೆ. ಇಂದಿನ ಆಚರಣೆಯ ಬೇರನ್ನು ಅರಮನೆಯಲ್ಲಲ್ಲ, ಹಳ್ಳಿಯಲ್ಲಿ ಹುಡುಕಬೇಕೆಂಬುದು ನನ್ನ ವಾದ.

ಹಳ್ಳಿಗಳಲ್ಲಿ ಹದಿನೈದರ ಆಸುಪಾಸಿನ ಹುಡುಗರು ‘ವಕಾಮೊನೊಗುಮಿ’ ಎಂಬ ತರುಣರ ಕೂಟಕ್ಕೆ ಸೇರುತ್ತಿದ್ದರು. ಜಾತ್ರೆಯ ಪಲ್ಲಕ್ಕಿ ಹೊರುವುದು, ಬೆಂಕಿ ಆರಿಸುವುದು, ಊರು ಕಾಯುವುದು ಅವರ ಪಾಲಿನ ಕೆಲಸ. ಅನೇಕ ಕಡೆ ಸುಮಾರು 60 ಕಿಲೋ ತೂಗುವ ಅಕ್ಕಿಯ ಮೂಟೆಯನ್ನೋ ಗುಂಡುಕಲ್ಲನ್ನೋ ಎತ್ತಿದವನನ್ನೇ ಪೂರ್ತಿ ಆಳೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು. 1876ರ ಆಜ್ಞೆ ಪ್ರಾಪ್ತವಯಸ್ಸನ್ನು 20 ಎಂದು ನಿಗದಿಪಡಿಸಿದ ಮೇಲೆ ಮೂಟೆಯ ಜಾಗಕ್ಕೆ ಕಾನೂನಿನ ಲೆಕ್ಕ ಬಂತು. ಸೈನ್ಯಕ್ಕೆ ಆರಿಸುವ ದೇಹಪರೀಕ್ಷೆಯೇ ಗಂಡಸರಿಗೆ ಹೊಸ ದೀಕ್ಷೆಯಂತಾಯಿತು. ಆದರೆ ತರುಣರ ಕೂಟ ಅಳಿಯಲಿಲ್ಲ. ‘ಸೇನೆಂದಾನ್’ ಎಂಬ ಯುವಕ ಸಂಘವಾಗಿ ರೂಪ ಬದಲಿಸಿತು. ಯುದ್ಧದಲ್ಲಿ ಸೋತು ಕಂಗೆಟ್ಟ ತರುಣರಿಗೆ ಧೈರ್ಯ ತುಂಬಲೆಂದು 1946ರ ನವೆಂಬರಿನಲ್ಲಿ ಸೈತಾಮಾ ಪ್ರಾಂತದ ವಾರಾಬಿಯಲ್ಲಿ, ಶಾಲೆಯೊಂದರ ಅಂಗಳದಲ್ಲಿ ಡೇರೆ ಹಾಕಿ ಯುವ ಉತ್ಸವ ನಡೆಸಿದ್ದು ಇಂಥ ಸಂಘವೇ. ಇಂದಿನ ಸಮಾರಂಭಕ್ಕೆ ಅದೇ ಮಾದರಿಯೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1948ರ ಕಾನೂನು ಜನವರಿ 15ನ್ನು ವಯಸ್ಕರ ದಿನವೆಂದು ಸಾರಿತು.

ಆ ದಿನಾಂಕವೇ ಗೆಂಪುಕುವಿನ ನೆನಪಲ್ಲವೇ ಎಂದು ಕೇಳಬಹುದು. ಹಿಂದೆ ಗೆಂಪುಕು ನಡೆಯುತ್ತಿದ್ದುದು ಸಣ್ಣ ಹೊಸವರ್ಷದ ಆ ದಿನ ಎಂಬ ನಂಬಿಕೆಯಿಂದಲೇ ಅದನ್ನು ಆರಿಸಿದ್ದು ಎನ್ನುತ್ತಾರೆ, ನಿಜ. ಆದರೆ ಸಣ್ಣ ಹೊಸವರ್ಷ ರೈತಾಪಿ ಜನರ ಹಬ್ಬವೂ ಹೌದು. ಮೇಲಾಗಿ 2000ದಲ್ಲಿ ರಜೆಯನ್ನು ಸೋಮವಾರಕ್ಕೆ ಸರಿಸಿದಾಗ ಆಚರಣೆಗೇನೂ ಕುಂದು ಬರಲಿಲ್ಲ. ಉಡುಪಿನ ಸಾಕ್ಷ್ಯ ಇನ್ನೂ ಬಲವಾದದ್ದು. ಇಂದು ಹೆಣ್ಣುಮಕ್ಕಳು ಈ ಸಮಾರಂಭಕ್ಕೆ ತೊಡುವುದು ಕಾಲಿನವರೆಗೆ ಇಳಿಬೀಳುವ ತೋಳಿನ ಫುರಿಸೊದೆ. ಎಡೊ ಕಾಲದಲ್ಲಾದರೋ ಪ್ರಾಯಕ್ಕೆ ಬಂದವರ ಉದ್ದ ತೋಳನ್ನು ಗಿಡ್ಡಮಾಡಿ, ಕಂಕುಳ ಸೀಳನ್ನು ಹೊಲಿಯುತ್ತಿದ್ದರು. ಆಗ ಬಿಡಬೇಕಿದ್ದ ಉಡುಪೇ ಈಗ ದೊಡ್ಡವರಾದುದರ ಗುರುತು. ಹಳೆಯ ವಿಧಿ ಅವಿಚ್ಛಿನ್ನವಾಗಿ ಹರಿದು ಬಂದಿದ್ದರೆ ಹೀಗೆ ತಿರುವುಮುರುವಾಗುತ್ತಿರಲಿಲ್ಲ.

ಹಾಗಾದರೆ ಇದು ಬರಿಯ ಸರ್ಕಾರಿ ಸೃಷ್ಟಿಯೇ? 2022ರ ಏಪ್ರಿಲ್ 1ರಂದು ಪ್ರಾಪ್ತವಯಸ್ಸು 18ಕ್ಕೆ ಇಳಿದಾಗ ಇದಕ್ಕೆ ಉತ್ತರ ಸಿಕ್ಕಿತು. ಬಹುತೇಕ ಊರುಗಳು ‘ಇಪ್ಪತ್ತರ ಕೂಟ’ ಎಂದು ಹೆಸರು ಬದಲಿಸಿ, ವಯಸ್ಸನ್ನು ಮಾತ್ರ ಹಾಗೆಯೇ ಉಳಿಸಿಕೊಂಡವು. ಹದಿನೆಂಟರವರಿಗೆ ಜನವರಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ತಿಂಗಳು ಎಂಬುದು ಒಂದು ಕಾರಣ. ಊರು ಬಿಟ್ಟು ಹೋದ ಸಹಪಾಠಿಗಳು ಮರಳಿ ಒಂದೆಡೆ ಸೇರುವುದೇ ಇದರ ಜೀವಾಳ ಎಂಬುದು ಇನ್ನೂ ದೊಡ್ಡ ಕಾರಣ. ಹಿಮ ಹೆಚ್ಚು ಬೀಳುವ ಸೀಮೆಯ ಎಷ್ಟೋ ಊರುಗಳು ಸಮಾರಂಭವನ್ನು ಆಗಸ್ಟಿನ ಬೋನ್ ಹಬ್ಬಕ್ಕೆ, ಅಂದರೆ ದೂರದಲ್ಲಿರುವವರೆಲ್ಲ ಮನೆಗೆ ಬರುವ ದಿನಗಳಿಗೆ, ಇಟ್ಟುಕೊಂಡಿರುವುದೂ ಅದಕ್ಕೇ.